ಸಾವಿರನೆಯ ಚೌಕದ ಹದಿನೆಂಟು

ಜೂನ್ 3, 1959

ಪ್ರೀತಿಯ ಅಕ್ಕನಿಗೆ,

ನಾಲ್ಕು ತಿಂಗಳಿಂದ ಒಂದು ಸಾಲೂ ಬರೆಯದವಳು ಈಗ ಹಾಳೆ ತುಂಬಿಸುತ್ತಿದ್ದಾಳೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀನು ಭಾವನ ಮುಂದೆ ಮೂಗು ಮುರಿಯುವುದು ಇಲ್ಲಿಂದಲೇ ಕಾಣುತ್ತಿದೆ. ಹೌದು, ಕೆಲಸ ಬಿದ್ದಿದೆ. ಅದಕ್ಕೂ ಮುಂಚೆ ಒಂದು ಸಿಹಿ ಸುದ್ದಿ. ನಮ್ಮ ಲೆಕ್ಕದ ಕೊಠಡಿಯ ಹಿರಿಯಮ್ಮ ಆಗಸ್ಟ್‌ಗೆ ನಿವೃತ್ತಿಯಾಗುತ್ತಾರೆ. ಆ ಕುರ್ಚಿ ನನಗೇ ಎಂದು ಸಾಹೇಬರು ಬಾಯಿಬಿಟ್ಟು ಹೇಳಿದ್ದಾರೆ. ಹನ್ನೆರಡು ವರ್ಷ ಲೆಕ್ಕದ ಯಂತ್ರದ ಹಿಡಿ ತಿರುಗಿಸಿ ಬಲಗೈ ಎಡಗೈಗಿಂತ ದಪ್ಪವಾದದ್ದು ವ್ಯರ್ಥವಾಗಲಿಲ್ಲ.

ಈಗ ಕಹಿ. ನಾವೆಲ್ಲ ಸೇರಿ ಮಾಡಿದ ‘ದೊಡ್ಡ ಸಂಖ್ಯೆಗಳ ಕೋಶ’ ಮಾರ್ಚ್‌ನಲ್ಲಿ ಹೊರಬಿತ್ತಲ್ಲ, ಪುಟಕ್ಕೊಂದು ಸಂಖ್ಯೆ, ಅದರ ಜಾತಕವೆಲ್ಲ ಕೆಳಗೆ. 212ನೆಯ ಪುಟದಲ್ಲಿರುವುದು ನೀನು ಇಲ್ಲಿ ಕೊನೆಯದಾಗಿ ಕೈಹಾಕಿದ ಸಂಖ್ಯೆ: 6,27,73,913. ಅಂಕಿಗಳ ಮೊತ್ತ 38. ಅವಿಭಾಜ್ಯ, ಅಂದರೆ ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು ಎಂದು ಅಚ್ಚಾಗಿದೆ. ಕಳೆದ ವಾರ ಕಚೇರಿಗೆ ಒಂದು ಕಾಗದ ಬಂತು. ಮೂರೇ ಸಾಲು. ‘ಈ ಸಂಖ್ಯೆ ಅವಿಭಾಜ್ಯವಲ್ಲ. ಇದು 7919 ಮತ್ತು 7927ರ ಗುಣಲಬ್ಧ. ದಯವಿಟ್ಟು ತಿದ್ದಿ.’ ಕೆಳಗೆ ಹೆಸರಿಲ್ಲ, ‘ಒಬ್ಬ ಓದುಗ’ ಅಷ್ಟೆ. ಗುಣಿಸಿ ನೋಡಿದೆವು. ಸರಿಯಾಗಿದೆ.

ಸಾಹೇಬರಿಗೆ ನಾವು ‘ದುರ್ಬೀನು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆರು ವರ್ಷ ಹಳೆಯ ಹಾಳೆಯನ್ನು ಉಗ್ರಾಣದಿಂದ ತೆಗೆಸಿ ಮಸೂರ ಹಿಡಿದು ಕೂತರು. ಸಾವಿರ ಚೌಕ, ಚೌಕಕ್ಕೊಂದು ಭಾಜಕ, ಭಾಗಿಸಿ ಉಳಿದ ಶೇಷ ಒಳಗೆ; ಒಂದರಲ್ಲಾದರೂ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯವಲ್ಲ. ಮೊದಲ ಐನೂರು ನಿನ್ನ ನೀಲಿ ಪೆನ್ಸಿಲ್, ಆಮೇಲಿನ ಐನೂರು ನನ್ನ ಕೆಂಪು. ಒಬ್ಬಳ ಅರ್ಧದ ಕೊನೆಯ ಚೌಕವನ್ನು ಇನ್ನೊಬ್ಬಳು ತುಂಬಬೇಕೆಂಬ ನಮ್ಮ ಕೊಠಡಿಯ ಕಟ್ಟಳೆ ನೆನಪಿದೆಯಲ್ಲ, ಜೊತೆಗಾರ್ತಿಯ ಕೆಲಸದ ಮೇಲೆ ಕಣ್ಣಾಡಿಸದೆ ಸಹಿ ಹಾಕಬಾರದು ಅಂತ? ಹಾಗೆ ನಿನ್ನ ಪಾಲಿಗೆ ಬಂದ ಸಾವಿರನೆಯ ಚೌಕದ ಭಾಜಕವೇ 7919. ಅಲ್ಲಿ ಸೊನ್ನೆ ಉಳಿಯಬೇಕಿತ್ತು. ಉಳಿದಿರುವುದು 18. ನೀಲಿ ಪೆನ್ಸಿಲ್‌ನಲ್ಲಿ.

ನೀನು ಬರೆದದ್ದೇ ಇರಬೇಕು. ಹೊರಡುವ ಗಡಿಬಿಡಿಯಲ್ಲಿ ಎಲ್ಲೋ ಕೈತಪ್ಪಿದೆ, ಯಾರಿಗೆ ತಪ್ಪಲ್ಲ ಹೇಳು. ಕಚೇರಿಯಿಂದ ಕೇಳಿದರೆ ನೆನಪಿಲ್ಲ ಎಂದುಬಿಡು. ಈ ‘ಓದುಗ’ ಯಾವ ಮನೆಹಾಳನೋ, ಬೇರೆ ಕಸುಬಿಲ್ಲದವನು. ಭಾವನಿಗೆ ನಮಸ್ಕಾರ.

ನಿನ್ನ ಗುಬ್ಬಿ


ಜೂನ್ 9, 1959

ಗುಬ್ಬಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಶನಿವಾರ ತಲುಪಿತು. ಹಿರಿಯಮ್ಮನ ಕುರ್ಚಿಯ ಸುದ್ದಿ ಕೇಳಿ ಭಾವನಿಗೂ ಸಂತೋಷವಾಯಿತು. ನನಗೆ ಶಾಲೆಯಲ್ಲಿ ಕೈತುಂಬ ಕೆಲಸ. ಏಳನೆಯ ತರಗತಿಯ ಅರ್ಧ ಮಂದಿಗೆ ಭಿನ್ನರಾಶಿ ಎಂದರೆ ಇನ್ನೂ ಹೊಟ್ಟೆನೋವು ಬರುತ್ತದೆ.

ಆ ಹಾಳೆಯ ವಿಷಯ. ನೀನು ಕಣ್ಣಾರೆ ನೋಡಿದೆಯೋ ಅಥವಾ ಸಾಹೇಬರು ಹೇಳಿದ್ದನ್ನು ಕೇಳಿದೆಯೋ? ಆ ಚೌಕದಲ್ಲಿ 18 ಎಂದೇ ಇದೆಯೇ? ನೀಲಿಯೇ? ಬೇರೆ ಚೌಕಗಳ ನೀಲಿಗೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯೇ? ಹಾಳೆ ಈ ಆರು ವರ್ಷ ಯಾರ ಕೈಯಲ್ಲಿತ್ತು, ಉಗ್ರಾಣದ ಬೀಗದ ಕೈ ಯಾರ ಬಳಿ ಇರುತ್ತದೆ? ಒಂದೊಂದಕ್ಕೂ ಬಿಡಿಸಿ ಉತ್ತರ ಬರೆ.

ಆ ಕಾಗದ ಬರೆದವರ ಮೇಲೆ ರೇಗಬೇಡ. ತಪ್ಪು ಇದ್ದದ್ದು ನಿಜ, ತೋರಿಸಿದ್ದಾರೆ. ಹೆಸರು ಹಾಕದಿರುವುದಕ್ಕೆ ಅವರಿಗೂ ಏನೋ ಕಾರಣ ಇರಬಹುದು.

ಅಕ್ಕ


ಜೂನ್ 14, 1959

ಅಕ್ಕನಿಗೆ,

ನಾನು ಕೇಳಿದ್ದು ಒಂದು ಮಾತು. ನೀನು ಕಳಿಸಿದ್ದು ಪೊಲೀಸಿನವರ ಪ್ರಶ್ನೆಪತ್ರಿಕೆ. ಹೌದು, ಕಣ್ಣಾರೆ ನೋಡಿದೆ. ಹೌದು, 18. ಹೌದು, ನೀಲಿ. ಬೀಗದ ಕೈ ಸಾಹೇಬರ ಸೊಂಟದಲ್ಲೇ ಇರುತ್ತದೆ, ಸ್ನಾನಕ್ಕೆ ಹೋದಾಗಲೂ ಬಿಚ್ಚುತ್ತಾರೋ ಇಲ್ಲವೋ ಅವರ ಹೆಂಡತಿಯನ್ನೇ ಕೇಳಬೇಕು. ಇಷ್ಟೆಲ್ಲ ಕೇಳಿದವಳು ‘ನಾನು ಬರೆದೆ’ ಅಥವಾ ‘ಬರೆಯಲಿಲ್ಲ’ ಎಂಬ ಒಂದು ಪದ ಮಾತ್ರ ಬರೆಯಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದನ್ನು ಯಾವಾಗ ಕಲಿತೆ?

ಇಲ್ಲಿ ಗಾಳಿ ಬದಲಾಗಿದೆ. ಮೊನ್ನೆ ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. ಅವರು ಬಾಗಿಲು ಹಾಕಿದ್ದನ್ನು ಈ ಹನ್ನೆರಡು ವರ್ಷದಲ್ಲಿ ನಾನು ನೋಡಿರಲಿಲ್ಲ.

“ನೋಡಮ್ಮ, ಖಾಲಿ ಚೌಕ ಬಿಟ್ಟಿದ್ರೆ ಬೈದು ಮತ್ತೆ ಮಾಡಿಸ್ತಿದ್ದೆ. ತಪ್ಪು ಲೆಕ್ಕ ಮಾಡಿದ್ರೆ ತಿದ್ದಿಸ್ತಿದ್ದೆ. ಇದು ಆ ಎರಡೂ ಅಲ್ಲ ಅನ್ಸುತ್ತೆ ನಂಗೆ.”

“ಮತ್ತೇನು ಸಾರ್?”

“ಕಟ್ಟುಶೇಷ.”

ಆ ಪದದ ಅರ್ಥ ನಿನಗೆ ಹೇಳಬೇಕಾಗಿಲ್ಲ. ಹಿಡಿ ತಿರುಗಿಸದೆ, ಮನಸ್ಸಿಗೆ ಬಂದ ಅಂಕಿಯನ್ನು ಶೇಷ ಅಂತ ಚೌಕದಲ್ಲಿ ಬರೆಯುವುದು. ನಮ್ಮ ಜಡೆಯಕ್ಕನ ಗತಿ ಏನಾಯಿತು ನಿನಗೆ ಗೊತ್ತು. ಎರಡು ಕಟ್ಟುಶೇಷ ಸಿಕ್ಕ ದಿನವೇ ಚೀಲ ಎತ್ತಿಕೊಂಡು ಹೊರಗೆ. ಜುಲೈ 1ರೊಳಗೆ ನಾನು ಹೇಳಿಕೆ ಬರೆದುಕೊಡಬೇಕಂತೆ. ನಿನಗೂ ಕಾಗದ ಬರುತ್ತದೆ.

ಕೊಠಡಿಯಲ್ಲಿ ಹತ್ತು ಯಂತ್ರ ಕಟಕಟ ಅನ್ನುತ್ತಿದ್ದದ್ದು ನಾನು ಒಳಗೆ ಕಾಲಿಟ್ಟರೆ ನಿಂತುಹೋಗುತ್ತದೆ. ಎಲ್ಲರೂ ಚಹಾ ಕುಡಿಯಲು ಕಿಟಕಿಯ ಬಳಿ ಸೇರುತ್ತಾರೆ, ನಾನು ಹೋದರೆ ಲೋಟ ಅರ್ಧಕ್ಕೇ ಇಟ್ಟು ಮೇಜಿಗೆ ಮರಳುತ್ತಾರೆ. ಹಿರಿಯಮ್ಮ ಒಬ್ಬರೇ ಮಾತಾಡಿಸುವುದು, ಅದೂ ಎಣ್ಣೆ ಡಬ್ಬ ಎಲ್ಲಿ ಎಂದು ಕೇಳಲು.

ಈಗ ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಆ ದಿನ ಸಾವಿರನೆಯ ಭಾಗಾಕಾರ ನೀನು ಮಾಡಿದೆಯೋ ಇಲ್ಲವೋ?

ಗುಬ್ಬಿ


ಜೂನ್ 20, 1959

ಗುಬ್ಬಿ,

ಮಾಡಲಿಲ್ಲ.

ಆರು ವರ್ಷದಿಂದ ಈ ಮಾತು ಗಂಟಲಲ್ಲೇ ಇತ್ತು. ಆ ದಿನ ನಾಲ್ಕು ಗಂಟೆಗೆ ರೈಲು. ಭಾವ ಸಾಮಾನು ಕಟ್ಟಿಸಿಕೊಂಡು ನಿಲ್ದಾಣಕ್ಕೆ ಹೋಗಿಯಾಗಿತ್ತು. ಎಲ್ಲರೂ ಚಹಾ ಕೊಟ್ಟು ಮಾತಾಡಿಸಿದ ಮೇಲೆ ಗಡಿಯಾರ ನೋಡಿದರೆ ಮೂರೂವರೆ. ನೀನು ಕೈ ತೊಳೆಯಲು ಹೋಗಿದ್ದೆ. 999 ಚೌಕ ತುಂಬಿದ್ದವು, ಒಂದರಲ್ಲೂ ಸೊನ್ನೆ ಇಲ್ಲ. ಇಷ್ಟಕ್ಕೂ ಭಾಗವಾಗದ್ದು ಕೊನೆಯದಕ್ಕೆ ಆಗುತ್ತದೆಯೇ ಎಂದುಕೊಂಡು ಕೆಳಗೆ ಸಹಿ ಹಾಕಿ ಎದ್ದೆ. ಚೌಕ ಖಾಲಿಯಾಗಿಯೇ ಇತ್ತು, ಅದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ಹಾಗಿದ್ದಮೇಲೆ 18 ಬರೆದವರು ಯಾರು?

ಮೊದಲು ಸಾಹೇಬರ ಮೇಲೆ ಅನುಮಾನ ಬಂತು. ಆಮೇಲೆ ಯೋಚಿಸಿದೆ. ಅವರಿಗೆ ನನ್ನಿಂದ ಏನಾಗಬೇಕು? ಈ ಶಾಲೆಗೆ ನನ್ನನ್ನು ಶಿಫಾರಸು ಮಾಡಿದವರೇ ಅವರು. ‘ಒಂಬತ್ತು ವರ್ಷದಲ್ಲಿ ಒಂದು ಚೌಕವನ್ನೂ ಖಾಲಿ ಬಿಟ್ಟವಳಲ್ಲ’ ಎಂದು ಬರೆದು, ನನಗೆ ಓದಿ ಹೇಳಿ, ಆಮೇಲೆ ಶಾಲೆಗೆ ಅಂಚೆಯಲ್ಲಿ ಕಳಿಸಿದ್ದರು. ಆ ಸಾಲಿನ ಬಲದ ಮೇಲೆ ನಾನಿಲ್ಲಿ ಗಣಿತದ ಟೀಚರಮ್ಮ. ಅದು ಸುಳ್ಳಾಯಿತು ಎಂದು ತಿಳಿದರೆ ನಮ್ಮ ಮುಖ್ಯೋಪಾಧ್ಯಾಯಿನಿಯ ಮುಂದೆ ನಿಲ್ಲುವುದು ಹೇಗೆ ಹೇಳು.

ನನ್ನ ನೀಲಿ ಪೆನ್ಸಿಲ್ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೆ. ಸಾಯಂಕಾಲ ಹಾಳೆ ಕಟ್ಟಿ ಒಪ್ಪಿಸಿದವಳು ನೀನು. ನಿನ್ನ ಮೊದಲ ಕಾಗದದಲ್ಲಿ ‘ನೀನು ಬರೆದದ್ದೇ ಇರಬೇಕು, ನೆನಪಿಲ್ಲ ಎಂದುಬಿಡು’ ಎಂದು ಯಾಕೆ ಬರೆದೆ? ಬೆಣ್ಣೆಯಿಂದ ಕೂದಲು ತೆಗೆದಂತೆ ತಪ್ಪನ್ನು ನನ್ನ ಕಡೆಗೆ ಸರಿಸಿದ್ದೀಯಲ್ಲ. ಬರೆದವಳು ನೀನಾ, ಗುಬ್ಬಿ? ಹಿಡಿ ತಿರುಗಿಸದೆ, ನನ್ನ ಬಣ್ಣದಲ್ಲಿ, ನನ್ನ ಸಹಿಯ ಮೇಲೆ?

ಅಕ್ಕ


ಜೂನ್ 24, 1959

ಅಕ್ಕನಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಾನಲ್ಲ, ನೀನು. ಚೌಕ ಖಾಲಿ ಬಿಟ್ಟು ಸಹಿ ಹಾಕಿ ಓಡಿಹೋದವಳು ನೀನು. ಆರು ವರ್ಷ ಬಾಯಿ ಮುಚ್ಚಿಕೊಂಡವಳು ನೀನು. ಈಗ ಕಳ್ಳಿ ಮಾತ್ರ ನಾನು.

ಇವತ್ತು ಸಾಹೇಬರು ಆ ‘ಓದುಗ’ನ ಕಾಗದದ ಲಕೋಟೆ ತೋರಿಸಿದರು. “ಈ ಊರಲ್ಲಿ ನಿಮ್ಮಕ್ಕನ್ನ ಬಿಟ್ಟು ಲೆಕ್ಕ ಬಲ್ಲವರು ಬೇರೆ ಯಾರಾದ್ರೂ ಗೊತ್ತಾ?” ಅಂದರು. ಅಂಚೆಯ ಮುದ್ರೆ ನೋಡಿದೆ. ನಿನ್ನ ಊರು. ಗೊತ್ತಿಲ್ಲ ಎಂದು ಹೇಳಿ ಹೊರಬಂದೆ.

ಆ ಊರಿನಲ್ಲಿ ಎಂಟಂಕಿಯ ಸಂಖ್ಯೆಯನ್ನು ಒಡೆಯುವ ಎಷ್ಟು ಜನ ಇದ್ದಾರಕ್ಕ? ‘ಹೆಸರು ಹಾಕದಿರುವುದಕ್ಕೆ ಅವರಿಗೂ ಏನೋ ಕಾರಣ ಇರಬಹುದು’ ಎಂದು ಬರೆದಿದ್ದೆಯಲ್ಲ, ಕಾರಣ ನನಗೆ ಈಗ ತಿಳಿಯಿತು. ನಾನು ಕುರ್ಚಿ ಹತ್ತುವ ವರ್ಷವೇ ನಿನಗೆ ಈ ಸಂಖ್ಯೆಯ ಮೇಲೆ ಪ್ರೀತಿ ಉಕ್ಕಿತು. ನೀನು ಇಲ್ಲೇ ಇದ್ದಿದ್ದರೆ ಆ ಕುರ್ಚಿ ನಿನ್ನದಾಗುತ್ತಿತ್ತು ಎಂದು ಹಿರಿಯಮ್ಮ ಸಾವಿರ ಸಲ ಹೇಳಿದ್ದಾರೆ. ನಿನಗೂ ಬರೆದಿರಬೇಕು.

ಇನ್ನು ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ.

ಗುಬ್ಬಿ


ಜೂನ್ 29, 1959

ನನ್ನ ಗುಬ್ಬಿಗೆ,

ಈ ಕಾಗದ ಹರಿದು ಹಾಕುವ ಮುಂಚೆ ಪೂರ್ತಿ ಓದು. ಆಮೇಲೆ ಹರಿ.

ಹೌದು, ಆ ‘ಓದುಗ’ ನಾನೇ. ಕುರ್ಚಿಯ ಸುದ್ದಿ ನನಗೆ ತಿಳಿದದ್ದೇ ನಿನ್ನ ಮೊದಲ ಕಾಗದದಿಂದ, ನಾನು ಬರೆದು ಹಾಕಿದ ಮೇಲೆ. ನೀನು ನಂಬುವುದಿಲ್ಲ, ಆದರೂ ಹೇಳುತ್ತೇನೆ.

ಕೋಶ ಕೈಗೆ ಬಂದ ದಿನ ಮೊದಲು ತೆರೆದದ್ದು 212ನೆಯ ಪುಟ. ಪುಟದ ಕೊನೆಯಲ್ಲಿ ‘ಎರಡು ವರ್ಗಗಳ ಮೊತ್ತವಾಗಿ’ ಎಂಬ ಸಾಲು ಎಲ್ಲ ಸಂಖ್ಯೆಗಳಿಗೂ ಇದೆಯಲ್ಲ, ಇದಕ್ಕೆ ಮಾತ್ರ ಅಲ್ಲಿ ಒಂದು ಗೆರೆ ಎಳೆದಿದ್ದರು. ಸಿಕ್ಕಿಲ್ಲ ಎಂದು ಅರ್ಥ. ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವ ಅವಿಭಾಜ್ಯ ಯಾವುದೇ ಇರಲಿ, ಅದು ಎರಡು ವರ್ಗಗಳ ಮೊತ್ತ ಆಗಲೇಬೇಕು. 13 ಎಂದರೆ 9 ಮತ್ತು 4. 29 ಎಂದರೆ 25 ಮತ್ತು 4. ಇದನ್ನೂ ನಾಲ್ಕರಿಂದ ಭಾಗಿಸಿದರೆ ಒಂದೇ ಉಳಿಯುತ್ತದೆ. ಹಾಗಾದರೆ ಆ ಎರಡು ವರ್ಗ ಎಲ್ಲಿ? ಏಪ್ರಿಲ್ ತಿಂಗಳೆಲ್ಲ ಶಾಲೆ ಬಿಟ್ಟ ಮೇಲೆ ಕಪ್ಪುಹಲಗೆಯ ಮುಂದೆ ಒಬ್ಬಳೇ ನಿಂತು ಹುಡುಕಿದೆ. ಸಿಗಲಿಲ್ಲ. ಅಂಥ ಜೋಡಿ ಇಲ್ಲವೆಂದಾದರೆ ಸಂಖ್ಯೆ ಅವಿಭಾಜ್ಯವಲ್ಲ ಎಂದಾಯಿತು. ಆಗ ನನಗೆ ಆ ಖಾಲಿ ಚೌಕ ಕಣ್ಣಿಗೆ ಕಟ್ಟಿತು.

ಒಂದು ದಿನ ಕೂಡುವುದನ್ನು ಬಿಟ್ಟು ಕಳೆಯುವುದನ್ನು ಹಿಡಿದೆ. ಈ ಸಂಖ್ಯೆಗಿಂತ ಒಂದೇ ಹೆಜ್ಜೆ ಮೇಲಿರುವ ವರ್ಗ 7923ರದು. ಅದರಿಂದ ನಮ್ಮ ಸಂಖ್ಯೆ ಕಳೆದರೆ ಉಳಿಯುವುದು ಬರೀ 16. ಹದಿನಾರು ನಾಲ್ಕರ ವರ್ಗ. ಎರಡು ವರ್ಗಗಳ ವ್ಯತ್ಯಾಸ ಯಾವಾಗಲೂ ಅವುಗಳ ಮೂಲಗಳ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧ. ಅಷ್ಟೇ ಗುಬ್ಬಿ, ಮುಗಿಯಿತು. 7923ಕ್ಕೆ ನಾಲ್ಕು ಕಡಿಮೆ 7919, ನಾಲ್ಕು ಹೆಚ್ಚು 7927. ನಾವಿಬ್ಬರೂ ಒಂಬತ್ತು ದಿನ ಹಿಡಿ ತಿರುಗಿಸಿ ಹಿಡಿಯಲಾಗದ ಕಳ್ಳ ಒಂದು ಕಳೆಯುವ ಲೆಕ್ಕಕ್ಕೆ ಸಿಕ್ಕಿಬಿದ್ದ. 999 ಭಾಜಕ ತಪ್ಪಿಸಿಕೊಂಡು ಸಾವಿರನೆಯದರಲ್ಲಿ, ನಾನು ಬಿಟ್ಟ ಅದೇ ಚೌಕದಲ್ಲಿ ಅಡಗಿ ಕೂತಿದ್ದ.

ಪುಸ್ತಕ ತಿದ್ದಬೇಕಿತ್ತು. ನನ್ನ ಹೆಸರು ಹಾಕಲು ನಾಚಿಕೆ, ಶಾಲೆಯ ಭಯ. ಚೌಕ ಖಾಲಿ ಇದೆ, ನೋಡಿ ತುಂಬಿಕೊಳ್ಳುತ್ತಾರೆ, ಯಾರಿಗೂ ಏನೂ ಆಗದು ಎಂದುಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಲ್ಲಿ 18 ಇದೆ ಎಂದು ನೀನು ಬರೆದಾಗ ನನಗೆ ಜೀವವೇ ಹೋದಂತಾಯಿತು. ಯಾರೋ ನನ್ನ ಹೆಸರು ಕೆಡಿಸಲು ಕಾದು ಕೂತಿದ್ದಾರೆ ಎನ್ನಿಸಿತು. ಕೊನೆಗೆ ನಿನ್ನ ಮೇಲೆಯೇ ಬೆರಳು ತೋರಿಸಿದೆ.

ಈಗ ಮುಖ್ಯ ಮಾತು. ನಿನ್ನೆ ಆ 18ನ್ನು ಹಲಗೆಯ ಮೇಲೆ ಬರೆದು ದಿಟ್ಟಿಸಿ ನೋಡಿದೆ. ನಮ್ಮ ಸಂಖ್ಯೆ ಸರಿಯಾಗಿ ಕೂರಿಸಿದ್ದರೆ ಸೊನ್ನೆ ಉಳಿಯುತ್ತಿತ್ತು. 18 ಉಳಿಯಿತೆಂದರೆ ಯಂತ್ರದಲ್ಲಿ ಕೂತಿದ್ದ ಸಂಖ್ಯೆಯೇ 18 ಹೆಚ್ಚಾಗಿತ್ತು. ಕೂಡಿ ನೋಡು: 6,27,73,931. ಕೊನೆಯ 13, 31 ಆಗಿದೆ! ಎರಡು ಅಂಕಿ ಅದಲುಬದಲು, ಬೇರೇನೂ ಇಲ್ಲ. ಪಕ್ಕಪಕ್ಕದ ಅಂಕಿ ತಿರುವುಮುರುವಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕ ಎಂದು ಹಿರಿಯಮ್ಮ ನಮಗೆ ಕಲಿಸಿದ್ದು ಇದನ್ನೇ. ಶೇಷ ಕಟ್ಟುವವರು 18 ಕಟ್ಟುವುದಿಲ್ಲ. ಭಾಜಕ ಎಂಟು ಸಾವಿರದ ಹತ್ತಿರ ಇರುವಾಗ ಕಳ್ಳರು ಮೂರು ಸಾವಿರದ ಚಿಲ್ಲರೆಯನ್ನೋ ಐದು ಸಾವಿರದ ಚಿಲ್ಲರೆಯನ್ನೋ ಬರೆಯುತ್ತಾರೆ. ಆ ಚೌಕ ತುಂಬಿದವಳು ಹಿಡಿ ತಿರುಗಿಸಿಯೇ ತುಂಬಿದ್ದಾಳೆ.

ಆ ಮೇಜಿನಲ್ಲಿ ಉಳಿದವಳು ನೀನೊಬ್ಬಳೇ. ನನ್ನ ಮರ್ಯಾದೆ ಉಳಿಸಲು ನನ್ನ ಬಣ್ಣ ಹಿಡಿದೆ, ಅಲ್ಲವಾ? ನಾನು ನಿನ್ನನ್ನು ಕಳ್ಳಿ ಎಂದೆ. ನನ್ನ ನಾಲಿಗೆ ಸೇದಿ ಹೋಗಲಿ.

ಈ ಲೆಕ್ಕವನ್ನೆಲ್ಲ ಬರೆದು ಇದೇ ಟಪಾಲಿಗೆ ಸಾಹೇಬರಿಗೂ ಹಾಕಿದ್ದೇನೆ, ಈ ಸಲ ಹೆಸರು ಹಾಕಿ. ಕಾಗದ ಬರೆದವಳು ನಾನು, ಚೌಕ ಖಾಲಿ ಬಿಟ್ಟವಳು ನಾನು, ತುಂಬಿದವಳು ನನ್ನ ತಂಗಿ, ತುಂಬಿದ್ದು ಪ್ರಾಮಾಣಿಕವಾಗಿ. ನೀನು ಹೆದರಬೇಡ.

ಅಕ್ಕ


ಜುಲೈ 1, 1959

ಅಕ್ಕನಿಗೆ,

ನಿನ್ನಿಂದ ಉತ್ತರ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು.

ಇವತ್ತು ಹೇಳಿಕೆ ಕೊಟ್ಟೆ. ಬೆನ್ನ ಹಿಂದೆ ಬರೆದೆ ಎಂದು ನೀನು ಹೇಳಬಾರದು, ಅದಕ್ಕೆ ತಿಳಿಸುತ್ತಿದ್ದೇನೆ. ಸಾವಿರನೆಯ ಚೌಕವನ್ನು ನಾನು ಮುಟ್ಟಿಲ್ಲ, ಅದು ಅಕ್ಕನ ಚೌಕ, ಅಕ್ಕನ ಬಣ್ಣ, ಕೆಳಗೆ ಅಕ್ಕನ ಸಹಿ ಇದೆ ಎಂದು ಬರೆದೆ. ಕಟ್ಟುಶೇಷ ಎಂದಾದರೆ ಅದು ಅಕ್ಕನದೇ ಎಂದೂ ಬರೆದೆ. ಸಾಹೇಬರು ಎರಡು ಸಲ ಓದಿ ನನ್ನಿಂದ ಸಹಿ ಹಾಕಿಸಿಕೊಂಡರು.

ನಿನಗೆ ಶಾಲೆ ಇದೆ, ಭಾವ ಇದ್ದಾರೆ, ಸಂಜೆ ಮಾತಾಡಲು ಅಕ್ಕಪಕ್ಕದವರು ಇದ್ದಾರೆ. ನನಗೆ ಇರುವುದು ಈ ಮೇಜು, ಈ ಯಂತ್ರ. ಅದನ್ನೂ ಕಿತ್ತುಕೊಳ್ಳಲು ನೀನು ಹೊರಟೆ. ಇನ್ನು ಬರೆಯಬೇಡ.

ಗುಬ್ಬಿ


ಜುಲೈ 7, 1959

ಅಕ್ಕ,

ನಿನ್ನ ಕಾಗದ ಮೂರನೇ ತಾರೀಖು ಬಂತು. ನಿಂತಲ್ಲೇ ಓದಿದೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಕಾಗದದ ಅಂಚಿನಲ್ಲೇ ಕೂಡಿ ನೋಡಿದೆ. 913ಕ್ಕೆ 18 ಸೇರಿಸಿದರೆ 931. ಕೂಸಿನ ಹಾಗೆ ಅತ್ತೆ.

ಯಾಕೆಂದು ನಿನಗೆ ಹೇಳಬೇಕು. ಆ ದಿನ ನೀನು ಹೋದ ಮೇಲೆ ಚೌಕ ಖಾಲಿ ಇರುವುದು ಕಂಡಿತು. ಕೆಂಪಿನಲ್ಲಿ ತುಂಬಿದರೆ ನೀನು ಮಾಡದೆ ಸಹಿ ಹಾಕಿದ್ದು ಗೊತ್ತಾಗುತ್ತಿತ್ತು, ನಿನ್ನ ಶಿಫಾರಸು ಕಾಗದ ಇನ್ನೂ ಸಾಹೇಬರ ಮೇಜಿನಲ್ಲೇ ಇತ್ತು. ನಿನ್ನ ಪೆನ್ಸಿಲ್ ತೆಗೆದುಕೊಂಡೆ. ನನ್ನ ಯಂತ್ರದ ಹಿಡಿ ಸಿಕ್ಕಿಕೊಂಡಿತ್ತು. ಎದ್ದು ಸುತ್ತಿ ಬರಲು ಸೋಮಾರಿತನ, ಎದುರಿಗಿದ್ದ ನಿನ್ನ ಯಂತ್ರಕ್ಕೆ ಮೇಜಿನ ಈಚೆಯಿಂದಲೇ ಕೈಚಾಚಿ ತಲೆಕೆಳಗಾಗಿ ಅಂಕಿ ಕೂರಿಸಿದೆ. ಕೊನೆಯ ಎರಡು ಅಲ್ಲೇ ಹಿಂದುಮುಂದಾಗಿರಬೇಕು. 18 ಬಂತು, ಬರೆದೆ.

ಆದರೆ ಆ ‘ಓದುಗ’ನ ಕಾಗದ ಬಂದು ಅಲ್ಲಿ ಸೊನ್ನೆಯೇ ಬರಬೇಕಿತ್ತು ಎಂದಾದಾಗ ನನಗೆ ನನ್ನ ಮೇಲೆಯೇ ಅನುಮಾನ ಹತ್ತಿತು. ನಿಜವಾಗಿ ತಿರುಗಿಸಿದೆನಾ? ಅಥವಾ ಗಡಿಬಿಡಿಯಲ್ಲಿ ಏನೋ ಒಂದು ಗೀಚಿ, ತಿರುಗಿಸಿದೆ ಎಂದು ನಂಬಿಕೊಂಡೆನಾ? ಒಂದು ತಿಂಗಳು ಯೋಚಿಸಿ ಯೋಚಿಸಿ ನಾನು ಕಳ್ಳಿಯೇ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ಅದಕ್ಕೇ ನಿನ್ನ ಮೇಲೆ ಹಾಕಿದೆ. ಸಂಗತಿ ತಿಳಿಯದೆ ನೀನೇ ‘ಹೌದು, ನಾನು ಬರೆದಿರಬೇಕು’ ಎಂದುಬಿಟ್ಟರೆ ಸಾಕಿತ್ತು ಎಂದು ಮೊದಲ ಕಾಗದದಲ್ಲೇ ಆಸೆಪಟ್ಟಿದ್ದೆ.

ನಿನ್ನೆ ಸಾಹೇಬರು ಕರೆದರು. ಮೇಜಿನ ಮೇಲೆ ಎಡಕ್ಕೆ ನಿನ್ನ ಕಾಗದ, ಬಲಕ್ಕೆ ನನ್ನ ಹೇಳಿಕೆ. ಮಸೂರ ಕೂಡ ಕೈಯಲ್ಲಿರಲಿಲ್ಲ.

“ಎರಡನ್ನೂ ಓದಿದೀನಿ. ನಿಮ್ಮಕ್ಕನ ಲೆಕ್ಕಾನ ನಾನೇ ಯಂತ್ರದಲ್ಲಿ ಹಾಕಿ ನೋಡ್ದೆ. ಸರಿಯಾಗಿದೆ. ಆದ್ರೆ ನೀವು ಮುಟ್ಟೇ ಇಲ್ಲ ಅಂತ ಬರ್ದಿದೀರಿ. ನೀವು ಹೇಳಿದ್ದೇ ನಿಜ ಆದ್ರೆ ನಿಮ್ಮಕ್ಕ ನನಗೆ ಸುಳ್ಳು ಬರೆದ ಹಾಗಾಯ್ತು, ಅವರ ಶಾಲೆಗೆ ನಾನು ತಿಳಿಸ್ಬೇಕಾಗುತ್ತೆ. ಯಾವುದು ನಿಜ?”

ಹೇಳಿಕೆಗೆ ಅಂಟಿಕೊಂಡಿದ್ದರೆ ಕುರ್ಚಿ ನನ್ನದೇ ಆಗಿರುತ್ತಿತ್ತು ಅಕ್ಕ. ಅವರ ದನಿಯಲ್ಲೇ ಗೊತ್ತಾಗುತ್ತಿತ್ತು, ನಾನು ಹಾಗೆ ಮಾಡಲಿ ಎಂದೇ ಅವರಿಗೂ ಇತ್ತು. ಆದರೆ ನಾನು ಕಳ್ಳಿಯಲ್ಲ ಎಂದು ಲೋಕದಲ್ಲಿ ಮೊದಲು ಬರೆದವಳು ನೀನು. ಆ ಕಾಗದವನ್ನು ಸುಳ್ಳು ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ.

“ಅಕ್ಕಂದು ನಿಜ ಸಾರ್. ನಂದು ಸುಳ್ಳು.”

ಸಾಹೇಬರು ನನ್ನ ಹೇಳಿಕೆಯನ್ನು ಮಡಿಸಿಟ್ಟರು. “ಶೇಷ ತಪ್ಪಿದ್ರೆ ತಿದ್ಕೋಬಹುದಿತ್ತಮ್ಮ. ನೀವು ಸಹಿ ಹಾಕಿ ಸುಳ್ಳು ಕೊಟ್ರಿ” ಎಂದರು. ಇವತ್ತು ಚೀಲ ಎತ್ತಿಕೊಂಡು ಬಂದೆ. ಬಾಗಿಲವರೆಗೆ ಬಂದವರು ಹಿರಿಯಮ್ಮ ಒಬ್ಬರೇ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಮೊದಲ ಕಾಗದಕ್ಕೇ ಹೆಸರು ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಸಾಹೇಬರಿಗೆ ಬರೆಯುವ ಮುಂಚೆ ನನ್ನನ್ನು ಒಂದು ಮಾತು ಕೇಳಿದ್ದರೆ? ನನ್ನ ಮೇಲೂ ಅಷ್ಟೇ ಸಿಟ್ಟಿದೆ. ನಿನ್ನ ಶಾಲೆಗೆ ಯಾರೂ ಏನೂ ಬರೆಯುವುದಿಲ್ಲ, ಸಾಹೇಬರು ಮಾತು ಕೊಟ್ಟಿದ್ದಾರೆ. ಆ ಹೆದರಿಕೆ ಬಿಡು.

ಗುಬ್ಬಿ


ಜುಲೈ 13, 1959

ಗುಬ್ಬಿ,

ನಿನ್ನ ಕಾಗದ ಓದಿದ ಮೇಲೆ ಪಾಠ ಮಾಡಲಾಗಲಿಲ್ಲ. ಹುಡುಗಿಯರಿಗೆ ಏನೋ ಲೆಕ್ಕ ಕೊಟ್ಟು ನೇರವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದೆ. ಸಾಹೇಬರು ತಿಳಿಸುವುದಿಲ್ಲ ಎಂದರೆ ನಾನೇ ತಿಳಿಸುತ್ತೇನೆ, ನಿನ್ನ ಕೆಲಸ ಹೋದಮೇಲೆ ನನ್ನದೂ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಿಂತುಕೊಂಡೇ ಎಲ್ಲ ಹೇಳಿದೆ. ಸಾವಿರ ಚೌಕ, ಖಾಲಿ ಬಿಟ್ಟದ್ದು, ಮಾಡದೆ ಸಹಿ ಹಾಕಿದ್ದು, ಆ ಶಿಫಾರಸಿನ ಸಾಲು ಸುಳ್ಳಾದದ್ದು. ಅವರು ಹಾಜರಿ ಪುಸ್ತಕದಿಂದ ತಲೆಯೆತ್ತಿ ಕೇಳಿದರು, ಕೇಳಿ ನಕ್ಕರು.

“ಒಂದು ಚೌಕಾನಾ? ಅಯ್ಯೋ, ಈ ಹಾಜರಿ ಪುಸ್ತಕದಲ್ಲಿ ನಮ್ಮ ಟೀಚರ್‌ಗಳು ಎಷ್ಟು ಚೌಕ ಖಾಲಿ ಬಿಟ್ಟಿದಾರೆ ನೋಡಿ ಬನ್ನಿ!”

“ಆದ್ರೆ ನಿಮ್ಮ ಹತ್ರ ಇರೋ ಶಿಫಾರಸು ಕಾಗದ, ಮೇಡಂ…”

“ಯಾವ ಕಾಗದ? ನಾನು ಓದಿರ್ಲಿಲ್ವಲ್ಲ. ಅವತ್ತು ಬಾಗಿಲಲ್ಲಿ ನಿಂತು ನಿಮ್ಮ ಪಾಠ ಕೇಳಿದೆ, ತಗೊಂಡೆ. ಕೂತ್ಕೊಳಿ.”

ಆ ಕಾಗದ ಕಪಾಟಿನಲ್ಲಿ ಇನ್ನೂ ಅಂಟು ಬಿಚ್ಚದ ಲಕೋಟೆಯಲ್ಲೇ ಇತ್ತು ಗುಬ್ಬಿ. ಯಾರೂ ಓದದ ಒಂದು ಸಾಲಿಗೆ ಹೆದರಿ ನಾನು ಹೆಸರು ಮುಚ್ಚಿಟ್ಟೆ. ಏಪ್ರಿಲ್‌ನಲ್ಲೇ ಈ ಕೋಣೆಗೆ ಬಂದು ಎರಡು ಮಾತು ಆಡಿದ್ದರೆ ಅವರು ಆಗಲೂ ಹೀಗೆಯೇ ನಗುತ್ತಿದ್ದರು, ನಾನು ಹೆಸರು ಹಾಕಿ ಬರೆಯುತ್ತಿದ್ದೆ, ನೀನು ಇವತ್ತು ನಿನ್ನ ಮೇಜಿನಲ್ಲಿ ಇರುತ್ತಿದ್ದೆ.

ಅಕ್ಕ